ತ್ಯಾಗಲಿಯ ಮಳೆ ಹೆಗಡೆಕಟ್ಟಾದಲ್ಲಿ ಸುರಿದದ್ದು

ಕೆಲವರಿಗೆ ಸುಳ್ಳು ಹೇಳುವವರನ್ನು ಕಂಡರೆ ಆಗುವುದಿಲ್ಲ, ಕೆಲವರಿಗೆ ಸಾಲಿನಲ್ಲಿ ನಡುವೆ ನುಗ್ಗುವವರನ್ನು. ನನಗೆ ಕಂಪ್ಯೂಟರಿನಲ್ಲಿ ಒಂದೇ ಕೋಡನ್ನು ನಕಲು ಮಾಡಿ ಕಂಡಕಂಡಲ್ಲಿ ಅಂಟಿಸುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಈ ಸಿಟ್ಟನ್ನು ಹೇಳಿಕೊಳ್ಳುವುದೂ ಕಷ್ಟ. ಹೆಂಡತಿಯ ಹತ್ತಿರ ಹೇಳಿದರೆ, "ಅಷ್ಟಕ್ಕೆ ಊಟ ಬಿಡದು ಎಂತಕ್ಕೆ?" ಎನ್ನುತ್ತಾಳೆ.

ನಮ್ಮ ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದಲ್ಲಿ ಫೋನ್ ಮಾಡಿದವರು ಕ್ಷೇಮಸಮಾಚಾರಕ್ಕೂ ಮೊದಲು "ನಿಮ್ಮಲ್ಲಿ ಎಷ್ಟು ಬಂತು?" ಎಂದು ಕೇಳುತ್ತಾರೆ. ಕೇಳುವುದು ಮಳೆಯನ್ನು. ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು ದಿನಾ ಬೆಳಿಗ್ಗೆ ಅಳೆಯುವ ಮಹನೀಯರು ಊರೂರಿಗೂ ಇದ್ದಾರೆ. ತಮ್ಮೂರಿನ ಮಳೆ ಪಕ್ಕದೂರಿನದಕ್ಕಿಂತ ಒಂದು ಹನಿಯಾದರೂ ಹೆಚ್ಚಿರದಿದ್ದರೆ ಇವರಿಗೆ ಚಹಾ ಸೇರುವುದಿಲ್ಲ. ಇವರಿಗಾಗಿಯೇ ಸಿರ್ಸಿಯಲ್ಲಿ ಕುಳಿತು ನಾನು, ಯಲ್ಲಾಪುರದಲ್ಲಿ ಕುಳಿತು ಸಹೋದ್ಯೋಗಿ ಮಮತಾ, ಒಂದು ವೆಬ್ ಆಪ್ ಮಾಡಿದೆವು. ಅವರು ಮಳೆಯ ಲೆಕ್ಕ ಕಳಿಸಿದ ಕೂಡಲೇ ಆ ಊರಿನ ಚಾರ್ಟ್ ತಾನಾಗಿ ಬದಲಾಗುತ್ತದೆ.

ಮಮತಾ ಹೆಗಡೆಕಟ್ಟಾ ಎಂಬ ಊರಿಗೆ ಒಂದು ಚಾರ್ಟಿನ ಕೋಡ್ ಬರೆದು, ಅದನ್ನೇ ಕೋಲಸಿರ್ಸಿಗೆ, ತ್ಯಾಗಲಿಗೆ ನಕಲು ಹೊಡೆದಿದ್ದಳು. ತ್ಯಾಗಲಿಯ ನಕಲಿನಲ್ಲಿ ಒಂದು ಕಡೆ ಊರಿನ ಹೆಸರು ಬದಲಿಸಲು ಮರೆತಳು. ತ್ಯಾಗಲಿಯಲ್ಲಿ ಬಿದ್ದ ಮಳೆಯೆಲ್ಲ ಹೆಗಡೆಕಟ್ಟಾದ ಚಾರ್ಟಿನಲ್ಲಿ ಸುರಿಯಿತು. ಆಷಾಢದಲ್ಲಿ ತ್ಯಾಗಲಿ ಒಣಗಿ ನಿಂತಿತು!

ತ್ಯಾಗಲಿಯಲ್ಲಿ ಮಳೆ ಅಳೆಯುವ ಸುಬ್ರಾಯಣ್ಣನ ಫೋನ್ ಬಂತು. "ತಮಾ, ಆನು ಕೊಡೆ ಹಿಡ್ಕಂಡು ಅಳೆದ ಮಳೆನ ಹೆಗಡೆಕಟ್ಟಾಕ್ಕೆ ಎಂತಕ್ಕೆ ಕೊಟ್ಟೆ? ಅಲ್ಲಿಯವು ಫೋನ್ ಮಾಡಿ ನಗ್ತಾ ಇದ್ದ. ಇನ್ನು ಆನು ಲೆಕ್ಕ ಕಳಿಸ್ತ್ನಿಲ್ಲೆ."

ಸುಬ್ರಾಯಣ್ಣ ಬಿಟ್ಟರೆ ಉಳಿದವರೂ ಬಿಡುತ್ತಾರೆ, ಲೆಕ್ಕವಿಲ್ಲದ ಮೇಲೆ ಆಪ್ ಮುಚ್ಚಿದಂತೆಯೇ. ಮಮತಾಳಿಗೆ ಅದರ ಬಿಸಿಯೇ ತಟ್ಟಲಿಲ್ಲ. "ತಿದ್ದಿದ್ರೆ ಆಯ್ತಲ್ಲ ಸರ್, ಅದಕ್ಯಾಕೆ ಇಷ್ಟು ಕೂಗ್ತೀರಿ?" ಎಂದಳು. ಕೂಗದೆ ಇನ್ನೇನು? ಒಂದೊಂದು ದೋಸೆಗೂ ಹೊಸ ಹಂಚು ಕೊಳ್ಳುವವರು ಎಲ್ಲಾದರೂ ಉಂಟೇ? ಹಂಚು ಒಂದೇ, ಯಾರ ಹಿಟ್ಟು ಹೊಯ್ದರೆ ಅವರ ದೋಸೆ! ಚಾರ್ಟೂ ಹಾಗಿರಬೇಕು.

ನಕಲುಗಳನ್ನೆಲ್ಲ ಅಳಿಸಿ, ಊರಿನ ಹೆಸರು ಹೇಳಿದರೆ ಸಾಕು, ಆ ಊರಿನ ಮಳೆ ತೋರಿಸುವ ಒಂದೇ ಚಾರ್ಟ್ ನಾನೇ ಬರೆದೆ. ಸಮಾಧಾನಪಡಿಸಬೇಕಾದವರು ಸುಬ್ರಾಯಣ್ಣ ತಾನೇ, ಹಾಗಾಗಿ ತ್ಯಾಗಲಿಯನ್ನೇ ಹಾಕಿ ಪರೀಕ್ಷಿಸಿದೆ. ಅಚ್ಚುಕಟ್ಟಾಗಿ ಬಂತು. ಕೂಡಲೇ ಎಲ್ಲ ಊರಿಗೂ ಅದನ್ನು ಜೋಡಿಸಿ, ಅಜಾಗರೂಕತೆಯ ದುಷ್ಪರಿಣಾಮಗಳ ಕುರಿತು ಮಮತಾಳಿಗೊಂದು ಉದ್ದನೆಯ ಉಪದೇಶವನ್ನೂ ಕಳಿಸಿದೆ.

ಮರುದಿನ ಮೊದಲ ಫೋನ್ ಸುಬ್ರಾಯಣ್ಣನದೇ. "ಈಗ ಸಮಾ ಆತು ನೋಡು! ಯಾವ ಊರು ಒತ್ತಿದ್ರೂ ನಮ್ಮನೆ ಮಳೆನೇ ಕಾಣ್ತು. ಇನ್ನು ಇದ್ನ ಮುಟ್ಟಡ."

ಕೋಡನ್ನು ತೆರೆದು ನೋಡಿದೆ. ಪರೀಕ್ಷೆಗೆಂದು ಕೋಡಿನೊಳಗೆ ಬರೆದ 'ತ್ಯಾಗಲಿ'ಯನ್ನು ತೆಗೆಯಲು ಮರೆತಿದ್ದೆ. ಸುಬ್ರಾಯಣ್ಣ ಲೆಕ್ಕ ಕಳಿಸುವುದನ್ನು ನಿಲ್ಲಿಸಲಿಲ್ಲ, ಉಳಿದವರೆಲ್ಲ ನಿಲ್ಲಿಸಿದರು. ಅವರಿಗೆಲ್ಲ ನನ್ನ ಪರವಾಗಿ ಏನಾದರೂ ಹೇಳೆಂದು ಮಮತಾಳಿಗೆ ಸಂದೇಶ ಕಳಿಸಿದೆ. ಉತ್ತರವಾಗಿ ಅವಳು ನನ್ನ ಉಪದೇಶವನ್ನೇ ನಕಲು ಮಾಡಿ ನನಗೆ ಅಂಟಿಸಿದಳು. ಒಂದಕ್ಷರವನ್ನೂ ಬದಲಿಸಿರಲಿಲ್ಲ. ಬದಲಿಸುವ ಅಗತ್ಯವೂ ಇರಲಿಲ್ಲ.