ಬೆಡ್‌ರೂಮಿನೊಳಗಿನ ಐರ್ಲೆಂಡ್

ಕೊಲ್ಲಿ ದೇಶದ ಸಲ್ಮಾಬಾದಿನ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಫೋರ್ಕ್‌ಲಿಫ್ಟುಗಳಿಗೂ ಅವುಗಳ ಚಾಲಕರಿಗೂ ಶಿಸ್ತು ಕಲಿಸುತ್ತ ಬಂದಿರುವ ವಿಲ್ಫ್ರೆಡ್ ಅವರ ಮಾತು ಅರಾದಿನ ಸ್ವಂತ ಫ್ಲ್ಯಾಟಿನಲ್ಲಿ ಮಾತ್ರ ನಡೆಯುತ್ತಿರಲಿಲ್ಲ. (ಸ್ವಂತ ಎಂದರೆ ಬಾಡಿಗೆಯದೇ, ಆದರೆ ಹದಿನಾರು ವರ್ಷವಾದ ಮೇಲೆ ಹಾಗೆನ್ನುವುದು ರೂಢಿ.) ಮಗಳು ಹೇಜಲ್‌ಗೆ ಐರ್ಲೆಂಡಿನ ಗಾಲ್ವೇಯಲ್ಲಿ ಸಾಗರ ವಿಜ್ಞಾನ ಓದಲು ಸೀಟು ಸಿಕ್ಕಿತ್ತು. ಬೇಕೋ ಬೇಡವೋ ಎಂದು ಭಾನುವಾರದೊಳಗೆ ತಿಳಿಸಬೇಕು. ವಿಲ್ಫ್ರೆಡ್ ಆಗಲೇ ಇಡೀ ಗೋದಾಮಿಗೆ ಲಾಡು ಹಂಚಿ ಮುಗಿಸಿದ್ದರು. ಹೆಂಡತಿ ವಾಯೊಲೆಟ್ ಮಾತ್ರ ಇನ್ನೂ ಒಪ್ಪಿರಲಿಲ್ಲ.

"ಮೀನಿನ ವಿಷಯ ಓದ್ಲಿಕ್ಕೆ ಅಷ್ಟು ದೂರ ಯಾಕೆ? ನೀರು ಹಾಕದೆ ಮೊಟ್ಟೆ ಬೇಯಿಸ್ಲಿಕ್ಕೆ ಇಟ್ಟ ಹುಡುಗಿ ಇವಳು. ಒಬ್ಬಳೇ ಎಂತ ಮಾಡ್ತಾಳೆ ಅಲ್ಲಿ?"

"ಅದು ಒಂದೇ ಸಲ ಆದದ್ದು ಮಮ್ಮಿ," ಎಂದಳು ಹೇಜಲ್.

"ಒಳ್ಳೆ ಪಾತ್ರೆ ಇದ್ದದ್ದೂ ಒಂದೇ."

ಮೊಟ್ಟೆ ಬರೀ ನೆಪ ಎಂದು ವಿಲ್ಫ್ರೆಡ್ ಅವರಿಗೆ ಅನಿಸಿತು. ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ನರ್ಸ್ ಆಗಿ ಎಷ್ಟು ಗಟ್ಟಿಯಾದರೇನು, ತಾಯಿ ತಾಯಿಯೇ. ಒಬ್ಬಳೇ ಮಗಳನ್ನು ಬಿಟ್ಟಿರಲು ಅವಳಿಂದ ಆಗುತ್ತಿಲ್ಲ, ಪಾಪ. (ತಮ್ಮ ಕರುಳಿನ ವಿಷಯದಲ್ಲಿ ಅವರಿಗೆ ಯಾವ ಸಂಶಯವೂ ಇರಲಿಲ್ಲ, ಗ್ಯಾಸ್ ಒಂದನ್ನು ಬಿಟ್ಟರೆ ಅದು ಅವರಿಗೆ ಬೇರೆ ತೊಂದರೆ ಕೊಟ್ಟದ್ದಿಲ್ಲ.) ಹೆಂಡತಿಯ ಮನಸ್ಸನ್ನು ಗಟ್ಟಿ ಮಾಡಲು ಅವರಿಗೊಂದು ಮಹಾ ಯೋಜನೆ ಹೊಳೆಯಿತು.

ಗುರುವಾರ ಸಂಜೆ ಆರರಿಂದ ಶನಿವಾರ ಸಂಜೆ ಆರರವರೆಗೆ ಹೇಜಲ್‌ಳ ಕೋಣೆಯೇ ಐರ್ಲೆಂಡ್. ಅಲ್ಲಿನ ಗಡಿಯಾರ ಎರಡು ಗಂಟೆ ಹಿಂದೆ. ಅಡುಗೆಮನೆ ಹಾಸ್ಟೆಲಿನದು, ಅಲ್ಲಿ ಎದುರಾದ ಅಪ್ಪ ಅಮ್ಮ ಅಪರಿಚಿತರು. ದಿನಕ್ಕೆ ಒಂದೇ ವಿಡಿಯೋ ಕಾಲ್, ಹತ್ತು ನಿಮಿಷ. ಮಗಳು ಸುಧಾರಿಸಿಕೊಂಡರೆ ವಾಯೊಲೆಟ್ ಒಪ್ಪಬೇಕು. ನಡುವೆ ಯಾರೇ ಗಡಿ ದಾಟಿದರೂ ಪರೀಕ್ಷೆ ಫೇಲ್, ಸೀಟು ರದ್ದು. ಇದನ್ನೆಲ್ಲ ವಿಲ್ಫ್ರೆಡ್ ನಿಯಮಾವಳಿಯಾಗಿ ಟೈಪು ಮಾಡಿ ಮೂವರ ಸಹಿಯನ್ನೂ ಹಾಕಿಸಿದರು. ವಾಯೊಲೆಟ್ ಒಂದು ಮಾತೂ ಆಡದೆ ಸಹಿ ಹಾಕಿದಳು. ಅಲ್ಲೇ ಅವರಿಗೆ ಅನುಮಾನ ಬರಬೇಕಿತ್ತು.

ಶುಕ್ರವಾರ ಹೇಜಲ್ ಎದ್ದು ಬಂದು ಆಮ್ಲೆಟ್ ಮಾಡಿಕೊಂಡಳು. ಬಾಣಲೆ ತೊಳೆದಿಟ್ಟಳು. ಫ್ರಿಜ್ಜಿನ ಪಕ್ಕ ನಿಂತಿದ್ದ ವಿಲ್ಫ್ರೆಡ್ ಐರಿಷ್ ಅಪರಿಚಿತನಾಗಿ, "ನೈಸ್ ವೆದರ್," ಎಂದರು. ಹೊರಗೆ ಜುಲೈ ತಿಂಗಳ ನಲವತ್ತನಾಲ್ಕು ಡಿಗ್ರಿ.

"ಯೆಸ್. ಸಂಜೆ ಮಳೆ ಬರಬಹುದು," ಎಂದು ನಯವಾಗಿ ಹೇಳಿ, ತಟ್ಟೆ ಹಿಡಿದುಕೊಂಡು ಅವಳು ತನ್ನ ದೇಶಕ್ಕೆ ಹೊರಟುಹೋದಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ವಿಲ್ಫ್ರೆಡ್ ಅವರಿಗೆ ಎದೆಯಲ್ಲಿ ಏನೋ ಹಿಡಿದ ಹಾಗಾಯಿತು. ಅಸಿಡಿಟಿ ಇರಬೇಕೆಂದು ಮಾತ್ರೆ ನುಂಗಿದರು.

ಸಂಜೆ ಕಾಲ್ ಬಂತು. ಮಗಳ ದನಿ ಮೊದಲು ಬಾಗಿಲಿನ ಸಂದಿನಿಂದ ಕೇಳಿಸುತ್ತಿತ್ತು, ಆಮೇಲೆ ಫೋನಿನಿಂದ. ವಿಲ್ಫ್ರೆಡ್ ಬಾಗಿಲಿನ ಕಡೆಗೇ ಕಿವಿ ಕೊಟ್ಟು ಕುಳಿತರು. ಹತ್ತು ನಿಮಿಷಕ್ಕೆ ಸರಿಯಾಗಿ ವಾಯೊಲೆಟ್ ಕಾಲ್ ಕಟ್ ಮಾಡಿದಳು.

"ಅವಳು ಎಂತದೋ ಹೇಳ್ತಾ ಇದ್ಲಲ್ಲ ಮಾರಾಯ್ತಿ."

"ನಾಳೆ ಹೇಳ್ತಾಳೆ. ಕಾನೂನು ನಿಮ್ಮದೇ."

ಶನಿವಾರ ಹೇಜಲ್ ಹೊರಗೇ ಬರಲಿಲ್ಲ. ಹನ್ನೊಂದಾಯಿತು. ಅಲ್ಲಿ ಈಗ ಒಂಬತ್ತು ಎಂದು ವಿಲ್ಫ್ರೆಡ್ ಸಮಾಧಾನ ಮಾಡಿಕೊಂಡರು. ಒಂದಾಯಿತು. ಅಲ್ಲೂ ಹನ್ನೊಂದಾದ ಮೇಲೆ ಸಮಾಧಾನಕ್ಕೆ ಏನೂ ಉಳಿಯಲಿಲ್ಲ. ತಲೆಯ ಮೇಲೆ ಹಾದುಹೋಗುತ್ತಿದ್ದ ವಿಮಾನದ ಸದ್ದು ನಿಲ್ಲುವವರೆಗೆ ಕಾದು, ಬಾಗಿಲಿಗೆ ಕಿವಿ ಹಚ್ಚಿದರು. ಸದ್ದಿಲ್ಲ. ಮೆಲ್ಲಗೆ ತಟ್ಟಿದರು. ಜೋರಾಗಿ ತಟ್ಟಿದರು. ಉತ್ತರವಿಲ್ಲ.

"ವಾಯ್ಲೆಟ್, ತಲೆ ತಿರುಗಿ ಬಿದ್ದಿದ್ರೆ?"

ಬಂಗುಡೆ ಮೀನು ಶುಚಿ ಮಾಡುತ್ತಿದ್ದ ವಾಯೊಲೆಟ್ ತಲೆಯೆತ್ತಲಿಲ್ಲ. "ಎಂತ ಆಗ್ಲಿಲ್ಲ. ಆರು ಗಂಟೆವರೆಗೆ ಕೂತ್ಕೊಳ್ಳಿ."

ಗಾಲ್ವೇಯಲ್ಲಿ ಹೀಗಾದರೆ ತಟ್ಟಲು ಬಾಗಿಲೂ ಇರುವುದಿಲ್ಲ ಎಂಬುದು ವಿಲ್ಫ್ರೆಡ್ ಅವರಿಗೆ ಆಗ ಹೊಳೆಯಿತು. ಲಾಡು ಹಂಚುವಾಗ ಇದು ಹೊಳೆದಿರಲಿಲ್ಲ. ಟೂಲ್‌ಬಾಕ್ಸಿನಿಂದ ಸ್ಕ್ರೂಡ್ರೈವರ್ ತಂದು, ಬೀಗವನ್ನೇ ಬಿಚ್ಚಿ ಒಳನುಗ್ಗಿದರು.

ಹೇಜಲ್ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಬಿಸ್ಕತ್ತು ತಿನ್ನುತ್ತಿದ್ದಳು.

"ಉತ್ತರ ಕೊಡ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ನಿಯಮ ಐದು, ಡ್ಯಾಡಿ. ಹೊರಗಿನಿಂದ ಯಾರು ತಟ್ಟಿದ್ರೂ, ಎಷ್ಟು ಗೋಗರೆದ್ರೂ ಉತ್ತರ ಕೊಡಬಾರದು. ನೀವೇ ಬರೆದದ್ದು."

ಹೌದು, ಅವರೇ ಬರೆದದ್ದು. ವಾಯೊಲೆಟ್ ತಟ್ಟುತ್ತಾಳೆಂದು ಬರೆದದ್ದು. ವಿಲ್ಫ್ರೆಡ್ ತಮ್ಮ ಕಾಲುಗಳನ್ನು ನೋಡಿಕೊಂಡರು. ಎರಡೂ ಐರ್ಲೆಂಡಿನಲ್ಲಿದ್ದವು. ಹೇಜಲ್‌ಳಿಗೂ ಅದು ಆಗಲೇ ಕಂಡಿರಬೇಕು, ಬಿಸ್ಕತ್ತು ಕೆಳಗಿಟ್ಟಳು.

"ಅಂದ್ರೆ ನನ್ನ ಸೀಟು ಹೋಯ್ತಾ?"

ವಿಲ್ಫ್ರೆಡ್ ಅವರ ಕಣ್ಣು ತುಂಬಿತು. ಮಗಳ ಸೀಟನ್ನು ಸ್ವಂತ ಕೈಯಾರೆ, ಅದೂ ಸ್ಕ್ರೂಡ್ರೈವರ್ ಹಿಡಿದು ಕಳೆದಿದ್ದರು.

ವಾಯೊಲೆಟ್ ಕೈ ತೊಳೆದು, ಒರೆಸಿಕೊಂಡು ಬಂದಳು. ಮಗಳ ಲ್ಯಾಪ್‌ಟಾಪ್ ತೆರೆದು ಮುಂದೆ ಕುಳಿತಳು.

"ಒಪ್ಪಿಗೆ ಕೊಡ್ಲಿಕ್ಕೆ ಎಲ್ಲಿ ಒತ್ತಬೇಕು, ತೋರಿಸು."

"ಮಮ್ಮಿ, ಫೇಲ್ ಆಯ್ತಲ್ಲ?"

"ನೀನು ಪಾಸ್. ನಾನೂ ಪಾಸ್. ನನಗೆ ಹೆದರಿಕೆ ಇದ್ದದ್ದು ನಿನ್ನದಲ್ಲ, ನೀನು ಹೋದ ಮೇಲೆ ಇವರದ್ದು. ಹೇಗಿರ್ತಾರೆ ಅಂತ ಈಗ ನೋಡಿ ಆಯ್ತಲ್ಲ. ಇನ್ನು ಚಿಕಿತ್ಸೆ ಮಾಡಿದ್ರಾಯ್ತು."

ಚಿಕಿತ್ಸೆ ಮುಂದಿನ ವಾರವೇ ಶುರುವಾಯಿತು. ವಿಮಾನ ಹತ್ತುವವರೆಗೆ ಪ್ರತಿ ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ಕೋಣೆ ಮತ್ತೆ ಐರ್ಲೆಂಡ್, ಪರೀಕ್ಷೆ ವಿಲ್ಫ್ರೆಡ್ ಅವರೊಬ್ಬರಿಗೇ. ಮೊದಲ ಶುಕ್ರವಾರ ಒಂಬತ್ತೂಕಾಲಿಗೇ ಬಾಗಿಲು ತಟ್ಟಿ, "ನೀರು ಕುಡಿದ್ಯಾ?" ಎಂದು ಕೇಳಿ ಫೇಲಾದರು. ಎರಡನೆಯ ಶುಕ್ರವಾರ ಹತ್ತು ಗಂಟೆಯವರೆಗೆ ತಡೆದರು. ವಾಯೊಲೆಟ್ ಆಸ್ಪತ್ರೆಯ ಚಾರ್ಟಿನಂಥದೊಂದು ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿ, ಅದರಲ್ಲಿ ತನ್ನ ದುಂಡು ಅಕ್ಷರದಲ್ಲಿ ಬರೆದಳು: ಪೇಷಂಟ್ ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದಾರೆ.