ಭಾವನ ಜೊತೆ ಪಬ್ಬಿಗೆ ಹೋದ ಶನಿವಾರ

ಕುಡಿಯುವವರು ಪಬ್ಬಿಗೆ ಹೋದರೆ ಹೇಳುವಂಥದ್ದೇನೂ ಆಗುವುದಿಲ್ಲ. ಪ್ರಸಂಗಗಳೆಲ್ಲ ಆಗುವುದು ಕುಡಿಯದವರು ಹೋದಾಗಲೇ. ಶಿರಸಿ ಕೋರ್ಟಿನಲ್ಲಿ ವಕೀಲಿ ಮಾಡಿಕೊಂಡಿದ್ದ ನಾನು ಜೀವಮಾನದಲ್ಲಿ ಒಂದೇ ಸಲ ಪಬ್ಬಿನೊಳಗೆ ಕಾಲಿಟ್ಟವನು. ಆ ಮಧ್ಯಾಹ್ನದ ಕತೆ ಹೇಳಿ ಮುಗಿಯುವುದೇ ಇಲ್ಲ.

ತೊಂಬತ್ತರ ದಶಕದ ಕೊನೆ. ವಜ್ರಳ್ಳಿಗೆ ಕೊಟ್ಟ ನನ್ನ ತಂಗಿಯ ಮಗಳಿಗೆ ಬೆಂಗಳೂರಿನ ಸಂಬಂಧ ಬಂದಿತ್ತು. ಹುಡುಗನ ಅಪ್ಪ ಸಿದ್ದಾಪುರ ಕಡೆಯವರೇ, ಆದರೆ ತಲೆ ಹಣ್ಣಾಗಿದ್ದು ಬೆಂಗಳೂರಿನಲ್ಲಿ. ಹುಡುಗಿಗೆ ಹುಡುಗ ಒಪ್ಪಿಗೆಯಾಗಿದ್ದ. ತಂಗಿಯದು ಒಂದೇ ಷರತ್ತು: "ಕುಡಿಯೋ ಮನೆತನ ಆದ್ರೆ ಯನ್ನ ಮಗಳ ಕೊಡ್ತ್ನಿಲ್ಲೆ."

ನಾನು ಹುಡುಗನ ಅಪ್ಪನಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ. ಅವರೂ ನೇರವಾಗಿಯೇ ಹೇಳಿದರು: "ಶನಿವಾರ ಮಧ್ಯಾಹ್ನ ಒಂದು ಮಗ್ ಬಿಯರ್ ಕುಡೀತೇನೆ. ಮುಚ್ಚಿಟ್ಟು ಸಂಬಂಧ ಬೆಳೆಸೋದು ಬೇಡ. ಅಲ್ಲಿಗೇ ಬನ್ನಿ, ಕಣ್ಣಾರೆ ನೋಡಿ ತೀರ್ಮಾನ ಮಾಡಿ."

ನನ್ನ ಮಟ್ಟಿಗೆ ಸಂಬಂಧ ಅಲ್ಲಿಗೇ ಮುರಿದಿತ್ತು. ಆದರೆ ವಿಚಾರಣೆಯಿಲ್ಲದೆ ತೀರ್ಪು ಕೊಡುವುದು ನನ್ನ ಪದ್ಧತಿಯಲ್ಲ. ಹುಡುಗಿಯ ಅಪ್ಪ, ಅಂದರೆ ಭಾವನನ್ನು (ನಮ್ಮಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಭಾವನೇ) ಕರೆದುಕೊಂಡು ಹೊರಟೆ. ಬಸ್ಸು ಹತ್ತುವಾಗ ಹುಡುಗಿ ನನ್ನ ಕಿವಿಯ ಹತ್ತಿರ ಬಂದು, "ಮಾವಾ, ನೀ ಹೋಗಿ ಸಂಬಂಧ ಕೆಡಸಡ ಮತ್ತೆ" ಅಂದಳು.

ಪೊಲೀಸರ ಕನಿಕರ

ದಂಡು ಪ್ರದೇಶದ ದೊಡ್ಡ ರಸ್ತೆಯಿಂದ ಸಂದಿ, ಆ ಸಂದಿಯಿಂದ ಇನ್ನೊಂದು ಸಂದಿ. ಇಂಗ್ಲಿಷರ ಕಾಲದ ಪಬ್ಬಂತೆ. ಇಂಗ್ಲಿಷರು ಅಡಗಿಸಿಟ್ಟು ಹೋದ ಹಾಗೆ ಇತ್ತು. ಬೆಳಗಿನ ಹೊತ್ತು, ಕೋಟು ಟೈ ಹಾಕಿದ್ದ ನಾನು ಮೂಲೆಯಲ್ಲಿ ನಿಂತ ಪೊಲೀಸನ ಹತ್ತಿರ ಗಂಭೀರವಾಗಿ ಇಂಗ್ಲಿಷಿನಲ್ಲೇ ದಾರಿ ಕೇಳಿದೆ. ಆತ ನನ್ನನ್ನೂ, ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದ ಭಾವನನ್ನೂ ನೋಡಿದ. ಆಮೇಲೆ ನನ್ನ ಭುಜ ತಟ್ಟಿ ಅಚ್ಚ ಕನ್ನಡದಲ್ಲಿ, "ಇನ್ನೂ ಬಾಗಿಲು ತೆಗ್ದಿರಲ್ಲ ಸಾರ್. ಅಲ್ಲೀವರೆಗೆ ಹೆಂಗಾದ್ರೂ ತಡ್ಕೊಳ್ಳಿ" ಅಂದ.

ಹೊಸಿಲು

ಬಾಗಿಲು ತೇಗದ್ದು, ಹಿತ್ತಾಳೆ ಹಿಡಿ, ಎತ್ತರದ ಹೊಸಿಲು. ಅಷ್ಟು ಹಳೆಯ ಬಾಗಿಲು ನೋಡಿದ್ದೇ ಭಾವ ಚಪ್ಪಲಿ ಬಿಟ್ಟು ಒಳಗೆ ಹೋದ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಯಾರ ಮನೆಯಾದ್ರೆಂತ, ಹೊಸಿಲು ಹೊಸಿಲೇ" ಅಂದ.

ನಾವು ಕುಳಿತು ಸ್ವಲ್ಪ ಹೊತ್ತಿಗೆ ನಾನು ಆ ಚಪ್ಪಲಿ ಇದೆಯೋ ಇಲ್ಲವೋ ಎಂದು ಎದ್ದು ನೋಡಿದರೆ, ಅದರ ಪಕ್ಕದಲ್ಲಿ ಪಾಲಿಶ್ ಮಾಡಿದ ಬೂಟುಗಳ ಸಾಲು. ನಮ್ಮ ಹಿಂದೆ ಬಂದವರೆಲ್ಲ ಹೊಸ ನಿಯಮ ಬಂದಿದೆ ಎಂದು ತಿಳಿದು, ಕಾಲುಚೀಲದಲ್ಲಿ ಕುಳಿತು ಬಿಯರ್ ಕುಡಿಯುತ್ತಿದ್ದರು.

ಗೋಡೆಯ ಮೇಲಿನ ನೆಂಟ

ಹುಡುಗನ ಅಪ್ಪ ಬರುವುದು ಸ್ವಲ್ಪ ತಡವಾಯಿತು. ಭಾವನಿಗೆ ಇರುಸುಮುರುಸು, ಒಬ್ಬರ ಗುರುತೂ ಇಲ್ಲ, ಎಲೆಯಡಿಕೆ ಕವಳದ ಸಂಚಿ ಬಿಚ್ಚುವುದಕ್ಕೂ ಸಂಕೋಚ. ಗೋಡೆಯ ಮೇಲೆ ಕಾಡುಕೋಣದ ತಲೆಯೊಂದನ್ನು ಮೊಳೆ ಹೊಡೆದು ಕೂರಿಸಿದ್ದರು. ಅದರ ಕೆಳಗಿನ ಹಿತ್ತಾಳೆ ತಗಡಿನಲ್ಲಿ ಬೇಟೆಯಾಡಿದ ಸಾಹೇಬನ ಹೆಸರು, ಜೊತೆಗೆ ಯಲ್ಲಾಪುರದ ಕಾಡು ಎಂದು ಇಂಗ್ಲಿಷಿನಲ್ಲಿ ಕೆತ್ತಿತ್ತು. ನಾನು ಓದಿ ಹೇಳಿದೆ.

ಭಾವನ ಮುಖ ಅರಳಿತು. ಕುರ್ಚಿಯನ್ನು ಕೋಣದ ಕಡೆಗೆ ತಿರುಗಿಸಿ ನಿರಾಳವಾಗಿ ಸಂಚಿ ಬಿಚ್ಚಿದ. "ಅಂತೂ ನಮ್ಮ ಬದಿಯವ ಒಬ್ಬ ಇದ್ದ ಮಾರಾಯಾ."

ಆಸರಿ

ಹುಡುಗನ ಅಪ್ಪ ಬಂದರು. ಸಜ್ಜನರು, ಮೆಲುಮಾತು. ತಮಗೆ ಮಗ್ ಬಿಯರ್ ಹೇಳಿ, "ನಿಮಗೆ ನಿಂಬೆ ಶರಬತ್ತು ಹೇಳಲಾ?" ಎಂದು ಭಾವನನ್ನು ಕೇಳಿದರು.

ನಮ್ಮ ಕಡೆ ಬಂದವರಿಗೆ ಆಸರಿ, ಅಂದರೆ ಕುಡಿಯಲು ಏನಾದರೂ, ಕೇಳುವುದಕ್ಕೆ ಒಂದು ಕ್ರಮವಿದೆ. ಗಂಟಲು ಒಣಗಿ ಹೋಗುತ್ತಿದ್ದರೂ ಬಂದವರು "ಎಂತದೂ ಬ್ಯಾಡ" ಅನ್ನಬೇಕು. ಮನೆಯವರು ಮತ್ತೆ ಕೇಳಬೇಕು, ಜಗಳಕ್ಕೆ ಬಂದವರ ಹಾಗೆ ಒತ್ತಾಯ ಮಾಡಬೇಕು. ಆಮೇಲಷ್ಟೇ "ಹಂಗಾರೆ ಚೂರು" ಅನ್ನುವುದು.

ಭಾವ ಕ್ರಮದಂತೆ "ಎಂತದೂ ಬ್ಯಾಡ" ಅಂದ. ಅವರು "ಸರಿ" ಅಂದುಬಿಟ್ಟರು. ವೇಟರ್ ಹೋಗಿಯೇಬಿಟ್ಟ.

ಅವರು ಕೈ ತೊಳೆಯಲು ಎದ್ದಾಗ ಭಾವ ನನ್ನ ತೋಳು ಹಿಡಿದುಕೊಂಡ. ಮುಖ ಸಪ್ಪಗಾಗಿತ್ತು. "ಭಾವಾ, ಈ ಸಂಬಂಧ ಬ್ಯಾಡ."

"ಬಿಯರಿನ ವಿಷಯ ತಾನೆ? ನಾನೂ ಅದನ್ನೇ—"

"ಬಿಯರ್ ಮನೆ ಹಾಳಾಗ್ಲಿ! ಇನ್ನೊಂದ್ಸಲ ಕೇಳವು ಹೇಳಿ ಗೊತ್ತಿಲ್ಯ ಅವಕ್ಕೆ? ಕುಡಿಯೋ ಮನೆಗೆ ಕೊಡ್ಲಕ್ಕು. ಒತ್ತಾಯ ಮಾಡದೇ ಇದ್ದ ಮನೆಗೆ ಕೊಟ್ರೆ ಕೂಸು ಉಪವಾಸ ಬೀಳ್ತು!"

ಒತ್ತಾಯ

ಹುಡುಗಿಯ ಮಾತು ನೆನಪಾಯಿತು. ನನ್ನ ಕಾರಣಕ್ಕೆ ಸಂಬಂಧ ಮುರಿಯುವುದು ಬೇರೆ, ಒಂದು ಲೋಟ ಶರಬತ್ತಿಗಾಗಿ ಮುರಿಯುವುದು ಬೇರೆ. ಎದ್ದು ಹೋಗಿ ಕೈ ತೊಳೆಯುತ್ತಿದ್ದವರಿಗೆ, "ಸ್ವಾಮಿ, ಒತ್ತಾಯ ಮಾಡಿ" ಎಂದಷ್ಟೇ ಹೇಳಿದೆ.

ಅವರು ಹಣೆ ಹಣೆ ಚಚ್ಚಿಕೊಂಡರು. ಸಿದ್ದಾಪುರ ಒಮ್ಮೆಲೇ ಮೈಮೇಲೆ ಬಂತು. ಮೇಜಿಗೆ ಬಂದವರೇ, "ಎಂತ ಬ್ಯಾಡ? ಬ್ಯಾಡ ಹೇಳಿರೆ ಬಿಡವಾ ಆನು? ಆಸರಿ ಕುಡಿಯದೇ ಹೆಂಗೆ ಎದ್ದು ಹೋಗ್ತ್ರಿ ನೋಡ್ತಿ!" ಎಂದು ಗದರಿದರು. ಭಾವ ಸುಖದಿಂದ "ಬ್ಯಾಡ, ಬ್ಯಾಡ" ಎಂದು ಕೈ ಅಡ್ಡ ಹಿಡಿದ. ಇವರು ಆ ಕೈ ಸರಿಸಿ, ಆವೇಶದಲ್ಲಿ ಮೇಜಿನ ಮೇಲಿದ್ದ ಒಂದೇ ಪಾತ್ರೆಯನ್ನು, ಆಗಷ್ಟೇ ಬಂದ ತಮ್ಮದೇ ಮಗ್ಗನ್ನು, ಅವನ ಕೈಗೆ ತುರುಕಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ "ಹಂಗಾರೆ ಚೂರು" ಎಂದು ಭಾವ ಎತ್ತಿದ. ಅವನು ಎಂಜಲು ಮಾಡುವವನಲ್ಲ. ತಲೆ ಹಿಂದಕ್ಕೆ ಬಾಗಿಸಿ, ಮಗ್ಗನ್ನು ಗೇಣೆತ್ತರ ಹಿಡಿದು, ತುಟಿಗೆ ತಾಗಿಸದೆ, ಧಾರೆ ಕಡಿಯದೆ ತಳದವರೆಗೂ ಇಳಿಸಿದ. ಆಮೇಲೆ ಕಾಲುಚೀಲದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಮುಂಡಾಸಿನ ಮುದಿ ವೇಟರ್ ನನ್ನ ಬಳಿ ಬಂದು ಭಕ್ತಿಯಿಂದ ಕೇಳಿದ: "ಸಾಹೇಬ್ರು ದಿನಾ ಎಷ್ಟು ತಗೊಳ್ತಾರೆ ಸಾರ್?"

ಭಾವ ಬಾಯಿ ಒರೆಸಿಕೊಂಡು ಬೀಗರ ಕೈ ಹಿಡಿದ. "ಶರಬತ್ತಿಗೆ ಸಕ್ಕರೆ ಮರ್ತಿದ್ದ. ಅಡ್ಡಿಲ್ಲೆ. ಯಂಗೆ ಸಂಬಂಧ ಒಪ್ಗೆ."

ಸಾಕ್ಷಿ

ಭಾವ ಈಗಿಲ್ಲ. ಆ ಪಬ್ಬೂ ಇಲ್ಲವಂತೆ, ಅಲ್ಲಿ ಗಾಜಿನ ಕಟ್ಟಡ ಎದ್ದಿದೆಯಂತೆ. ಆದರೆ ವಜ್ರಳ್ಳಿಯ ಜಗಲಿಯಲ್ಲಿ ಅವತ್ತು ತಂಗಿ ಸೊಂಟಕ್ಕೆ ಕೈಯಿಟ್ಟು ನಿಂತದ್ದು, ಬಾಗಿಲ ಸಂದಿಯಲ್ಲಿ ಹುಡುಗಿ ಇಣುಕುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

"ಅಣ್ಣಾ, ನೀ ಸುಳ್ಳು ಹೇಳ್ತ್ಯಿಲ್ಲೆ. ಹುಡುಗನ ಅಪ್ಪ ಕುಡಿತ್ನಾ?"

ಸಾಕ್ಷಿ ಎಂದ ಮೇಲೆ ಪೂರ್ತಿ ಹೇಳಬೇಕು. "ಶನಿವಾರ ಒಂದು ಮಗ್ ಕುಡಿಯುತ್ತಾರಂತೆ, ಅವರೇ ಹೇಳಿದ್ದಾರೆ. ಆದರೆ ನಾವು ಹೋದ ದಿನ ಅವರ ಬಾಯಿಗೆ ಒಂದು ಹನಿಯೂ ಹೋಗಲಿಲ್ಲ. ಅದಷ್ಟನ್ನೂ ಕುಡಿದವನು ನಿನ್ನ ಗಂಡ. ಜನ ಎದ್ದು ಚಪ್ಪಾಳೆ ತಟ್ಟಿದರು."

ತಂಗಿ ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು, ತಲೆಯ ಮೇಲೆ ಕೈಹೊತ್ತು ಅಲ್ಲೇ ಕುಸಿದಳು.

"ಅಯ್ಯೋ ದೇವ್ರೇ, ಹಂಗಾರೆ ಕುಡಿಯೋ ಮನೆತನ ನಮ್ದೇ ಆತಲೋ! ಅಣ್ಣಾ, ಬೀಗರು ಬ್ಯಾಡ ಹೇಳಕ್ಕಿಂತ ಮುಂಚೆ ಮುಹೂರ್ತ ಇಡ್ಸು!"