ಭೂಮಿ ಉಳಿಸೋ ಸೆಕ್ಷನ್ನು

ಭೂಮಿ ಉಳಿಸೋಕೂ ಒಂದು ಸೆಕ್ಷನ್ ಇರುತ್ತೆ, ಅದಕ್ಕೊಬ್ಬ ಸೂಪರಿಂಟೆಂಡೆಂಟ್ ಇರ್ತಾಳೆ, ಅವಳು ದಿನಾ ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿ ಕಡೆ ಹೋಗ್ತಾಳೆ ಅಂದ್ರೆ ನಮ್ಮ ಬೀದಿಯವರು ನಂಬಲ್ಲ. ಅಲ್ಲಿ ಏನು ನಡೆಯುತ್ತೆ ಅಂತ ಹೇಳಿದ್ರೆ ಮಾತ್ರ ತಕ್ಷಣ ನಂಬ್ತಾರೆ.

ಆ ಸೂಪರಿಂಟೆಂಡೆಂಟ್ ನಾನೇ. ನಮ್ಮ ವಿಶ್ವವಿದ್ಯಾಲಯದ ಹೆಸರು ಬೇಡ, ಅನ್ನ ಹಾಕೋ ಜಾಗ. ಮೊದಲು ನಾನಲ್ಲಿ ರೀವ್ಯಾಲ್ಯುಯೇಷನ್ ಸೆಕ್ಷನ್‌ನಲ್ಲಿದ್ದೆ. ಕತ್ತಲೆ ಕೋಣೆ, ತಿರುಗದ ಫ್ಯಾನು, ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಕುರ್ಚಿ. ಕಿಟಕಿಯಾಚೆ "ನನ್ನ ಮಗನಿಗೆ ಎರಡೇ ಎರಡು ಮಾರ್ಕು ಕೊಡೋಕೆ ನಿಮ್ಮ ಗಂಟೇನು ಹೋಗುತ್ತೆ?" ಅಂತ ಕೂಗೋ ಅಪ್ಪಂದಿರು. ಅಲ್ಲಿಂದ ನನ್ನನ್ನ ಹೊಸದಾಗಿ ಶುರುವಾದ ಹಸಿರು ಘಟಕದ ಎ.ಸಿ. ರೂಮಿಗೆ ಹಾಕಿದಾಗ ಗಾಳಿ ಆಂಜನೇಯನಿಗೆ ಹರಕೆ ತೀರಿಸಿ ಬಂದೆ.

ಮೊದಲ ದಿನವೇ ರಿಜಿಸ್ಟ್ರಾರ್ ಸಾಹೇಬರು ಕರೆದು ಹೇಳಿದ್ರು: "ನೋಡಿ ಮೇಡಂ, ಕರೆಂಟು, ನೀರು, ಹೊಗೆ ಎಲ್ಲಾ ಕಮ್ಮಿ ಮಾಡ್ತೀವಿ ಅಂತ ಮಾತು ಕೊಟ್ಟಿದೀವಿ. ಮಾತು ಉಳಿಸ್ಕೊಂಡ್ವಾ ಅಂತ ನೋಡೋಕೆ ಹೊರಗಿಂದ ತಂಡ ಬರುತ್ತೆ. ಅವರು ಒಪ್ಪಿದ್ರೆ ಘಟಕ ಉಳಿಯುತ್ತೆ. ಇಲ್ಲಾಂದ್ರೆ ನೀವು ವಾಪಸ್ ರೀವ್ಯಾಲ್ಯುಯೇಷನ್‌ಗೆ."

ಭೂಮಿ ಬಗ್ಗೆ ಅವತ್ತು ನನಗೆ ಹುಟ್ಟಿದ ಪ್ರೀತಿ ಯಾವ ವಿಜ್ಞಾನಿಗೂ ಹುಟ್ಟಿರಲಿಕ್ಕಿಲ್ಲ.

ಮೊದಲು ಹೆಚ್ಚಿಸಿ, ಆಮೇಲೆ ಇಳಿಸಿ

ಮೊದಲ ಸಭೆಯಲ್ಲಿ ನಾನೊಂದು ಪ್ರಶ್ನೆ ಕೇಳಿದೆ. ನನಗೆ ಮೊದಲಿಂದಲೂ ಕುತೂಹಲ ಜಾಸ್ತಿ. "ಸಾರ್, ಕಮ್ಮಿ ಮಾಡ್ತೀವಿ ಅಂದ್ರೆ ಯಾವುದಕ್ಕಿಂತ ಕಮ್ಮಿ?"

"ಈ ವರ್ಷ ಎಷ್ಟು ಖರ್ಚಾಗುತ್ತೋ ಅದಕ್ಕಿಂತ," ಅಂದ್ರು ಡೀನ್.

ರಿಜಿಸ್ಟ್ರಾರ್ ಮುಖ ಒಮ್ಮೆಲೇ ಅರಳ್ತು. "ಹಂಗಾದ್ರೆ ಈ ವರ್ಷ ಚೆನ್ನಾಗಿ ಉರಿಸಿಬಿಡೋಣ! ಮುಂದಿನ ವರ್ಷ ಇಳಿಸೋದು ಸಲೀಸು."

ಸುತ್ತೋಲೆ ಹೊರಟೇಬಿಡ್ತು. ಎಲ್ಲಾ ಬ್ಲಾಕುಗಳಲ್ಲೂ ಲೈಟು, ಫ್ಯಾನು ಆನ್ ಇರತಕ್ಕದ್ದು. ಖಾಲಿ ಕ್ಲಾಸಿನಲ್ಲಿ ಫ್ಯಾನು, ಮಟಮಟ ಮಧ್ಯಾಹ್ನ ಬೀದಿದೀಪ. ಇದೆಂಥಾ ಲೆಕ್ಕಾಚಾರ ಅಂತ ನನಗೆ ನಗುವೂ ಬಂತು, ಭಯವೂ ಆಯ್ತು.

ವರ್ಷ ಕಳೀತು. ಇನ್ನು ಇಳಿಯುತ್ತೆ, ಇನ್ನು ಇಳಿಯುತ್ತೆ ಅಂತ ಮೀಟರು ನೋಡ್ತಾ ಕೂತೆ. ಇಳಿಯಲೇ ಇಲ್ಲ. ಹೋಗಿ ನೋಡಿದ್ರೆ ಅದೇ ಖಾಲಿ ಕ್ಲಾಸು, ಅದೇ ಫ್ಯಾನು, ಕೆಳಗೆ ಅಟೆಂಡರ್ ಆರಾಮಾಗಿ ಪೇಪರ್ ಓದ್ತಿದಾರೆ. "ಯಾಕ್ರೀ ಇನ್ನೂ ಆನ್ ಇದೆ?" ಅಂದೆ.

"ಆನ್ ಮಾಡೋಕೆ ಆರ್ಡರ್ ಬಂದಿತ್ತು ಮೇಡಂ. ಆಫ್ ಮಾಡೋಕೆ ಬಂದಿಲ್ವಲ್ಲ."

ಗಾಡಿ ಇಲ್ಲದ ಸೋಮವಾರ

ಹೊಗೆ ಕಮ್ಮಿ ಮಾಡಬೇಕಲ್ಲ, ಸೋಮವಾರ ಒಳಗೆ ಗಾಡಿ ಬಿಡಬಾರದು ಅಂತಾಯ್ತು. ಮೊದಲ ಸೋಮವಾರ ಕ್ಯಾಂಪಸ್ಸು ಎಷ್ಟು ಚೆಂದ ಇತ್ತು ಅಂತೀರಿ! ಹಕ್ಕಿ ಕೂಗೋದು ಕೇಳಿಸ್ತಿತ್ತು. ಸಂತೋಷದಲ್ಲಿ ನನಗೆ ಕಣ್ಣೇ ತುಂಬಿಬಂತು.

ಅಷ್ಟರಲ್ಲಿ ಎದುರು ಲೇಔಟಿನ ಆಂಟಿಯೊಬ್ಬರು ಸೆರಗು ಸಿಕ್ಕಿಸ್ಕೊಂಡು ನನ್ನ ರೂಮಿಗೇ ನುಗ್ಗಿದ್ರು. "ಯಾರ್ರೀ ಅದು ಹಸಿರು ಮೇಡಂ? ನಿಮ್ಮ ಪ್ರೊಫೆಸರ್‌ಗಳೆಲ್ಲಾ ಕಾರು ತಂದು ನಮ್ಮ ಬೀದೀಲಿ ನಿಲ್ಸಿದಾರೆ. ನನ್ನ ರಂಗೋಲಿ ಮೇಲೆ ಡೀನ್ ಕಾರು! ನಮ್ಮ ಯಜಮಾನ್ರು ಗೇಟು ತೆಗೆಯೋಕಾಗದೆ ಕಾಂಪೌಂಡ್ ಹಾರಿ ಬ್ಯಾಂಕಿಗೆ ಹೋದ್ರು, ಈ ವಯಸ್ಸಲ್ಲಿ!"

ತಪ್ಪಾಯ್ತು ಅಂತ ಕೈ ಮುಗಿದು, ಕಾಫಿ ಕೊಟ್ಟು ಕಳಿಸಿದೆ. ಮುಂದಿನ ಸೋಮವಾರ ಬೆಳಿಗ್ಗೆ ಬಂದು ನೋಡ್ತೀನಿ, ಕ್ಯಾಂಪಸ್ ತುಂಬಾ ಕಾರು! ಲೈಬ್ರರಿ ಮುಂದೆ ಆಂಟಿ ಕಾರೇ ನಿಂತಿದೆ, ಪಕ್ಕದಲ್ಲಿ ಆಂಟಿ.

"ನಿಮ್ಮೋರು ಬಂದು ಅಡ್ಡ ನಿಲ್ಸೋ ಮುಂಚೆ ನಾವೇ ಬೀದಿಯೋರೆಲ್ಲ ಇಲ್ಲಿ ತಂದು ನಿಲ್ಸಿದ್ವಿ. ಎಷ್ಟೊಂದು ಜಾಗ ರೀ, ನೆರಳೂ ಇದೆ!"

ಸೆಕ್ಯೂರಿಟಿಯವರನ್ನ ಕರೆದು ಬೈದೆ. ಅವರು ಶಾಂತವಾಗಿ ಹೇಳಿದ್ರು: "ಸಿಬ್ಬಂದಿ, ವಿದ್ಯಾರ್ಥಿಗಳ ಗಾಡಿ ಬಿಡಬೇಡಿ ಅಂತ ಇತ್ತು ಮೇಡಂ. ಇವರು ಎರಡೂ ಅಲ್ಲ."

ಏರುವ ಗೆರೆ

ಆಮೇಲೆ ಯಾವ ಕಟ್ಟಡ ಎಷ್ಟು ಕರೆಂಟು ತಿನ್ನುತ್ತೆ ಅಂತ ಗೆರೆ ಎಳೆದು ತೋರಿಸೋ ದೊಡ್ಡ ಪರದೆ ಬಂತು. ನನಗಂತೂ ಧಾರಾವಾಹಿಗಿಂತ ಅದೇ ಚೆನ್ನಾಗಿತ್ತು. ಕೆಲವೇ ದಿನದಲ್ಲಿ ಒಂದು ವಿಚಿತ್ರ ಕಂಡೆ. ಬಾಯ್ಸ್ ಹಾಸ್ಟೆಲಿನ ಗೆರೆ ಸಂಜೆ ಒಂದೇ ಹೊತ್ತಿಗೆ ದಿಢೀರ್ ಅಂತ ಮೇಲೇರುತ್ತೆ, ಸ್ವಲ್ಪ ಹೊತ್ತಿಗೆ ಇಳಿಯುತ್ತೆ. ವಾರ್ಡನ್‌ಗೆ ಹೇಳಿದೆ. ಅವರು ಹೋಗಿ ಹಿಡಿದೇಬಿಟ್ರು. ಹಾಸ್ಟೆಲ್ ಸಾಂಬಾರ್ ತಾಳಲಾರದೆ ಹುಡುಗರು ರೂಮು ರೂಮಲ್ಲಿ ಕದ್ದು ಇಂಡಕ್ಷನ್ ಒಲೆ ಇಟ್ಟು ನೂಡಲ್ಸ್ ಮಾಡ್ತಿದ್ರು.

ಪರವಾಗಿಲ್ಲ, ನನ್ನ ಘಟಕದಿಂದ ಒಂದಾದ್ರೂ ಉಪಯೋಗ ಆಯ್ತು ಅಂತ ಬೀಗಿದೆ. ಮಾರನೇ ವಾರ ಗೆರೆ ಮತ್ತೆ ಏರ್ತು. ಮೊದಲಿಗಿಂತ ಸ್ವಲ್ಪ ಜಾಸ್ತಿಯೇ. ವಾರ್ಡನ್‌ಗೆ ಫೋನ್ ಮಾಡಿದೆ. "ಸಾರ್, ನೀವು ರೌಂಡ್ಸ್ ಹೋಗ್ತಿಲ್ವಾ?"

"ದಿನಾ ಹೋಗ್ತೀನಿ ಮೇಡಂ," ಅಂದ್ರು, ಬಾಯಲ್ಲಿ ಏನೋ ಇಟ್ಕೊಂಡು. "ತಟ್ಟೆ ತಗೊಂಡೇ ಹೋಗ್ತೀನಿ."

ತಂಡ ಬಂತು

ಕೊನೆಗೆ ಆ ತಂಡ ಬಂತು. ಮುಖ್ಯಸ್ಥೆ ಬಟ್ಟೆ ಚೀಲ ಹೆಗಲಿಗೆ ಹಾಕ್ಕೊಂಡ ಹಿರಿಯ ಹೆಂಗಸು, ನನಗಿಂತ ಕುತೂಹಲದವರು. ಇಳಿಯದ ಮೀಟರ್ ನೋಡಿದ್ರು, ಹುಬ್ಬು ಗಂಟಿಕ್ಕಿದ್ರು. ಸೋಮವಾರದ ಕಥೆ ಕೇಳಿದ್ರು, ಇನ್ನೊಂದು ಗಂಟು ಬಿತ್ತು. ನನ್ನ ಕಣ್ಣ ಮುಂದೆ ಇಟ್ಟಿಗೆ ಕುರ್ಚಿ ಕುಣಿಯೋಕೆ ಶುರು ಮಾಡ್ತು. ಆಂಜನೇಯಾ, ಇನ್ನೊಂದು ಹರಕೆ ಕಟ್ಕೋತೀನಿ ಅಂದೆ.

"ನೀವು ತೋರಿಸಿದ್ದು ಸಾಕು," ಅಂತ ಆಕೆ ಕಾರಿಡಾರಿನಲ್ಲಿ ತಾವೇ ಮುಂದೆ ನಡೆದು ಒಂದು ಬಾಗಿಲು ತಳ್ಳಿದ್ರು. ರೀವ್ಯಾಲ್ಯುಯೇಷನ್ ಸೆಕ್ಷನ್! ರಿಜಿಸ್ಟ್ರಾರ್ ಬೆವರೊರೆಸಿಕೊಂಡ್ರು.

ಒಳಗೆ ಒಂದೇ ಒಂದು ಟ್ಯೂಬ್‌ಲೈಟು. ಎ.ಸಿ. ಇಲ್ಲ, ಫ್ಯಾನು ಗಾಳಿ ಬಂದ್ರೆ ತಿರುಗುತ್ತೆ. ಹಳೇ ಲಕೋಟೆ ಬಿಚ್ಚಿ, ಮಗುಚಿ, ಮತ್ತೆ ಅಂಟಿಸ್ತಿದಾರೆ. ಮುರಿದ ಬೆಂಚಿಗೆ ಹಗ್ಗ. ಎಲ್ಲರ ಮುಂದೆ ಸ್ಟೀಲ್ ಡಬ್ಬಿ.

ಆಕೆಯ ಹುಬ್ಬಿನ ಗಂಟು ಬಿಚ್ಚಿಕೊಳ್ತು. "ಅದ್ಭುತ! ಈ ಪದ್ಧತಿ ಯಾವಾಗಿಂದ?"

ನನ್ನ ಹಳೇ ಸೆಕ್ಷನ್ ಆಫೀಸರ್ ಎದ್ದು ನಿಂತ್ರು. "ಮೊದಲಿಂದಲೂ ಇಷ್ಟೇ ಮೇಡಂ. ಏನು ಕೇಳಿದ್ರೂ ಕೊಡಲ್ಲ."

"ಇದೇ ನಮ್ಮ ಮಾದರಿ ವಿಭಾಗ!" ರಿಜಿಸ್ಟ್ರಾರ್ ಮಧ್ಯೆ ಬಾಯಿ ಹಾಕಿದ್ರು. "ಬೇಕಂತಲೇ ಕೊನೆಗೆ ಇಟ್ಕೊಂಡಿದ್ವಿ."

ತಂಡ ಒಪ್ಪಿತು. ಘಟಕ ಉಳೀತು! ನಾನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಜಾಮೂನು ಹಂಚಿದೆ. ತಿಂತಾ ತಿಂತಾ ರಿಜಿಸ್ಟ್ರಾರ್ ಅಂದ್ರು: "ಮೇಡಂ, ತಂಡದವರ ಒಂದೇ ಒಂದು ಸಲಹೆ. ಹಸಿರು ಘಟಕ ಎ.ಸಿ. ರೂಮಲ್ಲಿ ಇರೋದು ಚೆನ್ನಾಗಿರಲ್ವಂತೆ. ಮಾದರಿ ವಿಭಾಗದಲ್ಲೇ ಇರಬೇಕಂತೆ. ಸೋಮವಾರದಿಂದ ಅಲ್ಲೇ ಕೂತ್ಕೊಳ್ಳಿ. ಬಿಡುವಾದಾಗ ಸ್ವಲ್ಪ ಆ ಅಪ್ಪಂದಿರು ಬರೋ ಕಿಟಕೀನೂ ನೋಡ್ಕೊಳ್ಳಿ."

ಬಾಯಿಗಿಡ್ತಿದ್ದ ಜಾಮೂನನ್ನ ವಾಪಸ್ ಬಟ್ಟಲಿಗೆ ಹಾಕಿದೆ.

ಸೋಮವಾರ ಪರದೆ, ಫೈಲು ಎಲ್ಲಾ ಹೊರಿಸ್ಕೊಂಡು ಆ ಕತ್ತಲೆ ಕೋಣೆಗೆ ಹೋದೆ. ಸೆಕ್ಷನ್ ಆಫೀಸರ್ ಬಾಗಿಲಲ್ಲೇ ನಿಂತಿದ್ರು, ಬಾಯ್ತುಂಬಾ ನಗು.

"ಬನ್ನಿ ಮೇಡಂ, ಬನ್ನಿ. ನಿಮ್ಮ ಕುರ್ಚಿ ಹಂಗೇ ಇದೆ, ಇಟ್ಟಿಗೆ ಸಮೇತ. ಇಲ್ಲಿ ನಾವು ಏನನ್ನೂ ಬಿಸಾಕಲ್ಲ."